ಹೊರಗೆ ಹೋಗುವವರ ಪುಸ್ತಕ

ಗೇಟಪ್ಪ ಕಲ್ಲು ಮನಸ್ಸಿನ ಮನುಷ್ಯ. ಕೋಪದಲ್ಲಿ ಹೇಳುವ ಮಾತಲ್ಲ ಇದು. ಇಪ್ಪತ್ತೆರಡು ವರ್ಷದಿಂದ ಆತನ ಮನೆಯ ಮೇಲಿನ ಮಹಡಿಯಲ್ಲಿದ್ದೇನೆ; ನೋಡಿ, ತೂಗಿ ಹೇಳುತ್ತಿದ್ದೇನೆ. ನಿಯಮ ಒಂದು ಕಡೆ, ಮನುಷ್ಯ ಒಂದು ಕಡೆ ನಿಂತರೆ ಆತ ಮನುಷ್ಯನ ಮುಖವನ್ನೂ ನೋಡದೆ ನಿಯಮದ ಪಕ್ಕಕ್ಕೆ ಹೋಗಿ ನಿಲ್ಲುತ್ತಾನೆ. ಸುಳ್ಳು ಹೇಳುವುದಿಲ್ಲ, ಲಂಚ ಮುಟ್ಟಿದವನಲ್ಲ, ಯಾರಿಗೂ ಕೆಡುಕು ಬಯಸಿದವನಲ್ಲ. ಕಲ್ಲಿಗೂ ಈ ಗುಣಗಳೆಲ್ಲ ಇವೆ.

ಗೇಟಪ್ಪ ಎನ್ನುವುದು ಬೀದಿಯವರು ಇಟ್ಟ ಹೆಸರು. ಬಣ್ಣದ ಕಾರ್ಖಾನೆಯೊಂದರ ಹೆಬ್ಬಾಗಿಲನ್ನು ಮೂವತ್ತೊಂದು ವರ್ಷ ಕಾಯ್ದವನು. ನಿವೃತ್ತನಾಗಿ ಒಂಬತ್ತು ವರ್ಷವಾದರೂ ಬೆಳಗ್ಗೆ ಏಳಕ್ಕೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಜೇಬಿಗೆ ಕಪ್ಪು ಪೆನ್ನು ಸಿಕ್ಕಿಸಿ, ಮನೆಯ ಮುಂದಿನ ಕಬ್ಬಿಣದ ಗೇಟಿನ ಪಕ್ಕ ಕುರ್ಚಿ ಹಾಕಿಕೊಂಡು ಕೂರುತ್ತಾನೆ. ಹಾಲಿನವನಿರಲಿ, ಕೊರಿಯರ್‌ನವನಿರಲಿ, ಯಾರ ಮನೆಗೆ, ಏನು ಕೆಲಸ, ಎಷ್ಟು ಹೊತ್ತು ಎಂದು ಹೇಳಿಯೇ ಮೆಟ್ಟಿಲು ಹತ್ತಬೇಕು. ನನ್ನ ತಂಗಿ ಒಮ್ಮೆ ನನ್ನನ್ನು ನೋಡಲು ಬಂದವಳು ಇಪ್ಪತ್ತು ನಿಮಿಷ ಬಿಸಿಲಲ್ಲಿ ನಿಂತಿದ್ದಳು. ನಾನು ಸ್ನಾನ ಮುಗಿಸಿ ಬಂದು ಕಿಟಕಿಯಿಂದ ತಲೆ ಆಡಿಸುವವರೆಗೆ ಆತ ಬಿಡಲಿಲ್ಲ.

"ಮುಖ ನಿಮ್ಮ ಥರಾನೇ ಇದೆ ಮೇಡಂ. ಆದ್ರೆ ಮುಖ ಪಾಸಲ್ಲ," ಎಂದ.

ಆತನ ಹೆಂಡತಿ ಇದಕ್ಕೆಲ್ಲ ಬೇಸತ್ತು ಎಷ್ಟೋ ಕಾಲವಾಯಿತು. "ಮದುವೆ ದಿನ ನನ್ನನ್ನೂ ಇವರು ಎಣಿಸಿ ಒಳಗೆ ಬಿಟ್ಟಿದ್ದು ಅಕ್ಕ. ಒಬ್ಬಳನ್ನ ಮೂರು ಸಲ ಎಣಿಸಿದ್ರು," ಎನ್ನುತ್ತಾಳೆ.

ಕಲ್ಲು ಎಂದದ್ದಕ್ಕೆ ಒಂದು ದಾಖಲೆ ಕೊಡಬೇಕು. ಈ ಹೆಂಡತಿಯ ತಮ್ಮ ಅದೇ ಕಾರ್ಖಾನೆಯಲ್ಲಿ ಬಣ್ಣ ಕಲಸುವ ವಿಭಾಗದಲ್ಲಿದ್ದ. ಅಲ್ಲಿಗೆ ಸೇರಿಸಿದವನೂ ಗೇಟಪ್ಪನೇ. ಒಂದು ಸಂಜೆ ಪಾಳಿ ಮುಗಿದು ಹೊರಗೆ ಹೋಗುವ ಸಾಲಿನಲ್ಲಿ ಭಾವಮೈದುನನ ಮಡಚಿದ ಕೊಡೆಯೊಳಗೆ ನಾಲ್ಕು ಬೆರಳಗಲದ ಒಂದು ಹೊಸ ಬ್ರಶ್ ಸಿಕ್ಕಿತು. ಹಿಂದೆ ನಲವತ್ತು ಜನ ನಿಂತಿದ್ದರು. "ಗೊತ್ತಿಲ್ದೆ ಬಂದುಬಿಟ್ಟಿದೆ ಭಾವ," ಎಂದನಂತೆ ಅವನು. ಗೇಟಪ್ಪ ಪುಸ್ತಕ ತೆರೆದು, "ಗೊತ್ತಿಲ್ದೆ ಅನ್ನೋದಕ್ಕೆ ನನ್ನ ಪುಸ್ತಕದಲ್ಲಿ ಕಾಲಂ ಇಲ್ಲ," ಎಂದು ಹೇಳಿ ಬರೆದ. ವಾರದೊಳಗೆ ಭಾವಮೈದುನನ ಕೆಲಸ ಹೋಯಿತು. ಮುಂದಿನ ಮೂರು ವರ್ಷ ಆ ಮನೆಯಲ್ಲಿ ಗಂಡನೊಡನೆ ಮಾತಾಡಿದ್ದು ಪಾತ್ರೆಗಳು ಮಾತ್ರ. ಹೆಂಡತಿ ಆಮೇಲೆ ಬಾಯಿ ಬಿಟ್ಟಳು. ತಮ್ಮ ಇವತ್ತಿಗೂ ಆ ಗೇಟು ದಾಟಿಲ್ಲ.

ಈಗ ಸೊಸೆಯ ವಿಷಯ. ಮಗ ದೂರದೂರಿಗೆ ಲಾರಿ ಓಡಿಸುತ್ತಾನೆ, ವಾರದಲ್ಲಿ ಎರಡು ದಿನ ಮನೆಯಲ್ಲಿದ್ದರೆ ಹೆಚ್ಚು. ಸೊಸೆ ದೊಡ್ಡ ಆಸ್ಪತ್ರೆಯೊಂದರ ದಾಖಲೆ ವಿಭಾಗದಲ್ಲಿದ್ದವಳು. ಮೂರು ವರ್ಷದ ಹಿಂದೆ ಅಲ್ಲಿಯ ಒದ್ದೆ ಮೆಟ್ಟಿಲ ಮೇಲೆ ಜಾರಿ ಬಿದ್ದಳು. ಎಡ ಮೊಣಕಾಲು ಅಂದಿನಿಂದ ಮಡಚುವುದಿಲ್ಲ, ಬಸ್ಸು ಹತ್ತಲಾಗುವುದಿಲ್ಲ. ಆಸ್ಪತ್ರೆಯವರು ಮನೆಯಿಂದಲೇ ಮಾಡುವ ಕೆಲಸ ಕೊಟ್ಟರು. ಸ್ಕ್ಯಾನ್ ನೋಡಿದ ಡಾಕ್ಟರುಗಳು ತಮ್ಮ ಅಭಿಪ್ರಾಯವನ್ನು ಮಾತಿನಲ್ಲಿ ಹೇಳಿ ಕಳಿಸುತ್ತಾರೆ. ಇವಳು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೇಳಿ, ಟೈಪ್ ಮಾಡಿ ಹಿಂದಕ್ಕೆ ಕಳಿಸುತ್ತಾಳೆ. ಹಳೆಯ ಹೊಲಿಗೆ ಯಂತ್ರದ ಮೇಜಿನ ಮೇಲೆ ಕಂಪ್ಯೂಟರ್, ಕೆಳಗೆ ಒಂದು ಪೆಡಲು. ಬಲಗಾಲಲ್ಲಿ ಒತ್ತಿದರೆ ಡಾಕ್ಟರ್ ಮಾತಾಡುತ್ತಾರೆ, ಕಾಲೆತ್ತಿದರೆ ಬಾಯಿ ಮುಚ್ಚುತ್ತಾರೆ. "ಈ ಸುಖ ಆಸ್ಪತ್ರೇಲಿದ್ದಾಗ ಇರ್ಲಿಲ್ಲ," ಎಂದು ನಗುತ್ತಾಳೆ.

ಕೆಲಸದಲ್ಲಿ ಚುರುಕು. ಬಾಯಲ್ಲಿ ಗೋಲಿ ಇಟ್ಟುಕೊಂಡವರಂತೆ ಮಾತಾಡುವ ಒಬ್ಬ ಹಿರಿಯ ಡಾಕ್ಟರ ಕಡತಗಳು ಬೇರೆ ಯಾರಿಗೂ ಅರ್ಥವಾಗದೆ ಇವಳಿಗೇ ಬರುತ್ತವೆ. ಒಮ್ಮೆ ನನಗೆ ಹೇಳಿದಳು: "ಬಿದ್ದ ಮೇಲೆ ನನ್ನನ್ನ ಎಲ್ರೂ ಪಾಪ ಅಂತಾರೆ ದೊಡ್ಡಮ್ಮ. ನೀನೇ ಬೇಕು ಅನ್ನೋದು ಆ ತೊದಲು ಡಾಕ್ಟ್ರು ಒಬ್ರೇ."

ಒಂದು ಸೋಮವಾರ ಬೆಳಗ್ಗೆ ಆಸ್ಪತ್ರೆಯಿಂದ ಪತ್ರ ಬಂತು. ಮನೆಯಿಂದ ಟೈಪ್ ಮಾಡುವ ಇನ್ನೊಬ್ಬರ ಕಂಪ್ಯೂಟರಿನಿಂದ ರೋಗಿಗಳ ವರದಿಗಳು ಹೊರಗೆ ಸೋರಿಹೋಗಿದ್ದವು. ಆದ್ದರಿಂದ ಗುರುವಾರ ಬೆಳಗ್ಗೆ ಹನ್ನೊಂದಕ್ಕೆ ಆಸ್ಪತ್ರೆಯ ಕಂಪ್ಯೂಟರ್ ವಿಭಾಗದವರು ಪ್ರತಿಯೊಬ್ಬರ ಯಂತ್ರವನ್ನೂ ದೂರದಿಂದಲೇ ತಪಾಸಣೆ ಮಾಡುತ್ತಾರೆ. ಫೈರ್‌ವಾಲ್ ಹಾಕಿರಬೇಕು. ಹೊರಗಿನ ಯಾವುದೇ ಪ್ರೋಗ್ರಾಮ್ ಇರಬಾರದು. ಟೈಪ್ ಮಾಡುವವರೇ ಅಂಥದ್ದನ್ನು ಹಾಕಿಕೊಂಡಿದ್ದರೆ ಕೆಲಸ ಅಂದಿಗೇ ಮುಗಿಯಿತು. ಮನೆಯ ಬೇರೆಯವರು ತಿಳಿಯದೆ ಹಾಕಿದ್ದು, ಅದನ್ನು ಮುಚ್ಚಿಡದೆ ಹೇಳಿ ತೆಗೆಸಿದರೆ, ಎಚ್ಚರಿಕೆ ಕೊಟ್ಟು ಕೆಲಸ ಮುಂದುವರಿಸುತ್ತಾರೆ.

ಸೊಸೆ ಪತ್ರವನ್ನು ಗಟ್ಟಿಯಾಗಿ ಓದಿದಳು. ಗೇಟಪ್ಪ ಬಾಗಿಲಲ್ಲಿ ನಿಂತು ಕೇಳಿದ.

"ಫೈರ್‌ವಾಲ್ ಅಂದ್ರೆ?"

"ಕಂಪ್ಯೂಟರಿಗೂ ಇಂಟರ್ನೆಟ್‌ಗೂ ಮಧ್ಯೆ ಒಂದು ಕಾವಲು ಮಾವ. ಯಾರು ಒಳಗೆ ಬರಬಹುದು, ಯಾರು ಹೊರಗೆ ಹೋಗಬಹುದು ಅಂತ ಪಟ್ಟಿ ನೋಡಿ ಬಿಡುತ್ತೆ. ಇಲ್ಲಾಂದ್ರೆ ತಡೆಯುತ್ತೆ. ನಿಮ್ಮ ಮಗ ಬಂದಾಗ ಹೇಳಿದ್ರೆ ಯಾರನ್ನಾದ್ರೂ ಕರ್ಕೊಂಡು ಬಂದು..."

"ಯಾರನ್ನೂ ಕರೀಬೇಡಿ," ಎಂದ ಗೇಟಪ್ಪ. "ಒಳಗೆ ಯಾರು ಬರ್ತಾರೆ, ಹೊರಗೆ ಯಾರು ಹೋಗ್ತಾರೆ. ಇದನ್ನ ನನಗೆ ಹೇಳಿಕೊಡೋಕೆ ಇನ್ನೊಬ್ಬ ಬರ್ಬೇಕಾ?"

"ಮಾವ, ಇದು ಫ್ಯಾಕ್ಟರಿ ಗೇಟಲ್ಲ."

"ಗೇಟು ಅಂದ್ಮೇಲೆ ಎಲ್ಲಾ ಒಂದೇ. ಕಬ್ಬಿಣದ್ದಾದ್ರೇನು, ಕರೆಂಟಿಂದಾದ್ರೇನು."

ಮಂಗಳವಾರ ಬೆಳಗ್ಗೆ ಆತ ನನ್ನ ಬಾಗಿಲು ತಟ್ಟಿದ. ಕೈಯಲ್ಲಿ ಹೊಸ ಉದ್ದ ಪುಸ್ತಕ, ಒಂದು ಅಡಿಕೋಲು. "ಮೇಡಂ, ಪರದೆ ಮೇಲೆ ಬರೋದನ್ನ ಓದಿ ಹೇಳ್ಬೇಕು."

"ನಿಮ್ಮ ಸೊಸೆ ನನಗಿಂತ ಚೆನ್ನಾಗಿ ಓದ್ತಾಳಲ್ಲ."

"ತಪಾಸಣೆ ಆಗೋರೇ ಓದಬಾರ್ದು. ಮೂರನೇ ಮನುಷ್ಯ ಬೇಕು."

ನಲವತ್ತು ವರ್ಷ ತರ್ಕಶಾಸ್ತ್ರ ಪಾಠ ಮಾಡಿದವಳು ಸರಿಯಾದ ಮಾತಿಗೆ ಎದುರಾಡಬಾರದು. ಕೆಳಗೆ ಇಳಿದೆ.

ಮುಂದಿನ ಕೋಣೆ ಚಿಕ್ಕದು. ಕಿಟಕಿಯ ಪಕ್ಕ ಹೊಲಿಗೆ ಯಂತ್ರದ ಮೇಜು, ಗೋಡೆಗೆ ಒರಗಿಸಿದ ಮಡಚುವ ಮಂಚ, ಅದರ ಮೇಲೆ ಒಗೆದು ತಂದ ಬಟ್ಟೆಯ ರಾಶಿ. ಸೊಸೆಯನ್ನು ಬದಿಗೆ ಕೂರಿಸಿ ಗೇಟಪ್ಪ ಕಂಪ್ಯೂಟರಿನ ಮುಂದೆ ಕುಳಿತ. ಮೊದಲು ಪುಸ್ತಕದಲ್ಲಿ ಅಡಿಕೋಲು ಇಟ್ಟು ಗೆರೆ ಎಳೆದ. ಸಮಯ, ಹೆಸರು, ಎಲ್ಲಿಗೆ, ಯಾಕೆ, ಒಳಗೆ ಬಿಟ್ಟವರು. ಐದು ಕಾಲಂ. ಸೊಸೆ ನನ್ನ ಕಡೆ ನೋಡಿ ಹುಬ್ಬೇರಿಸಿದಳು.

ಫೈರ್‌ವಾಲ್ ಆ ಕಂಪ್ಯೂಟರಿನಲ್ಲಿ ಮೊದಲಿನಿಂದಲೂ ಇತ್ತು. ಆದರೆ ಆರಿಸಿದ್ದರು. ಯಾವಾಗಲೋ ಪ್ರಿಂಟರ್ ಕೆಲಸ ಮಾಡದಿದ್ದಾಗ ರಿಪೇರಿಗೆ ಬಂದವನು ಅದನ್ನು ಆರಿಸಿ, ಪ್ರಿಂಟರ್ ಓಡಿದ್ದೇ ತಡ, ಹಾಗೇ ಬಿಟ್ಟು ಹೋಗಿದ್ದ. "ಬಾಗಿಲು ಬಿಗಿ ಅಂತ ಬಾಗ್ಲನ್ನೇ ಕಿತ್ತು ಪಕ್ಕಕ್ಕಿಟ್ಟು ಹೋದ್ನಾ," ಎಂದ ಗೇಟಪ್ಪ. ನಾನು ಓದಿ ಹೇಳಿದ ಜಾಗದಲ್ಲಿ ಒತ್ತಿದ. ಕೆಂಪು ಗುರುತು ಹಸಿರಾಯಿತು. ಐದು ನಿಮಿಷದ ಕೆಲಸ.

"ಮುಗೀತಲ್ಲ ಮಾವ. ಏಳಿ, ನನಗೆ ಹದಿನಾಲ್ಕು ವರದಿ ಬಾಕಿ ಇದೆ."

"ತಡಿ. ಮೇಡಂ, ಒಳಗೆ ಬರೋರ ಬಗ್ಗೆ ಏನಂತ ಬರ್ದಿದ್ದಾರೆ?"

"ಪಟ್ಟಿಯಲ್ಲಿ ಇಲ್ಲದವರನ್ನು ತಡೆಯುತ್ತೆ ಅಂತ."

"ಸರಿ. ಹೊರಗೆ ಹೋಗೋರು?"

"ಹೊರಗೆ ಹೋಗುವವರನ್ನು, ಬೇಡ ಅಂತ ಬರೆದಿಲ್ಲದಿದ್ದರೆ, ಬಿಡುತ್ತೆ."

ಆತ ತಿರುಗಿ ನನ್ನ ಮುಖ ನೋಡಿದ. "ಇನ್ನೊಂದ್ಸಲ ಓದಿ."

ಓದಿದೆ.

"ಅಂದ್ರೆ ಹೊರಗೆ ಹೋಗೋನ ಕೈ ನೋಡೋರೇ ಇಲ್ಲ." ಆತ ಪೆನ್ನನ್ನು ಮೇಜಿನ ಮೇಲಿಟ್ಟ. "ಒಳಗೆ ಬರೋನ ಮುಖ ನೋಡು, ಹೊರಗೆ ಹೋಗೋನ ಕೈ ನೋಡು. ನಾನು ಹೊಸಬರಿಗೆ ಮೊದಲ ದಿನ ಹೇಳಿಕೊಡ್ತಿದ್ದದ್ದೇ ಇದು. ಕಳ್ಳತನ ಆಗೋದು ಒಳಗೆ ಬರುವಾಗಲ್ಲ ಮೇಡಂ, ಹೊರಗೆ ಹೋಗುವಾಗ. ಇದನ್ನ ಮಾಡಿದೋನು ಒಂದು ದಿನವೂ ಗೇಟಲ್ಲಿ ನಿಂತೋನಲ್ಲ."

ಹಾಗೆಂದವನು ಹೊರಗೆ ಹೋಗುವ ದಾರಿಯನ್ನೂ ಮುಚ್ಚಿದ. ಅಷ್ಟಕ್ಕೇ ನಿಂತಿದ್ದರೆ ಬಹುಶಃ ತೊಂದರೆ ಇರುತ್ತಿರಲಿಲ್ಲ. ಪಟ್ಟಿಯಲ್ಲಿ ಮೊದಲೇ ಅನುಮತಿ ಪಡೆದ ನೂರಾರು ಹೆಸರುಗಳಿದ್ದವು. "ಇವರಿಗೆಲ್ಲ ಪಾಸ್ ಕೊಟ್ಟೋರು ಯಾರು?" ಎಂದು ಕೇಳಿದ.

"ಕಂಪ್ಯೂಟರ್ ಮಾಡಿದವರೇ ಕೊಟ್ಟಿರಬೇಕು."

"ಅವರು ಈಗಿಲ್ಲ. ಗೇಟಿಗೆ ಹೊಸ ಮನುಷ್ಯ ಬಂದ ಅಂದ್ರೆ ಹಳೇ ಪಾಸೆಲ್ಲ ರದ್ದು. ಅದು ರೂಲು."

ಒಂದೊಂದೇ ಹೆಸರಿನ ಅನುಮತಿ ತೆಗೆಯುತ್ತ ಹೋದ. ಮುಕ್ಕಾಲು ಗಂಟೆ ಹಿಡಿಯಿತು. ಸೊಸೆಯ ಬೇಡಿಕೆ, ನನ್ನ ತರ್ಕ, ಅಡುಗೆಮನೆಯಿಂದ ಹೆಂಡತಿಯ "ಶುರುವಾಯ್ತು" ಎಂಬ ನಿಟ್ಟುಸಿರು, ಯಾವುದೂ ನಾಟಲಿಲ್ಲ. ಕೊನೆಗೆ ಕಂಪ್ಯೂಟರ್ ಊರಾಚೆಯ ಬಾವಿಯಷ್ಟು ನಿಶ್ಶಬ್ದವಾಯಿತು. ಇಂಟರ್ನೆಟ್ ಇಲ್ಲ, ಪತ್ರವಿಲ್ಲ, ಡಾಕ್ಟರ ಮಾತಿಲ್ಲ.

"ಈಗ ಒಬ್ಬೊಬ್ರೇ ಬಂದು ಕೇಳ್ಲಿ," ಎಂದ.

ಮೊದಲು ಆಸ್ಪತ್ರೆಯ ಪ್ರೋಗ್ರಾಮ್ ಕೇಳಿತು. ಆತ ಪುಸ್ತಕದಲ್ಲಿ ಬರೆದುಕೊಂಡು ಬಿಟ್ಟ. ಆದರೂ ಅದು ಆಸ್ಪತ್ರೆಯನ್ನು ಮುಟ್ಟಲಿಲ್ಲ. ಸೊಸೆ ಮೊಣಕಾಲು ಉಜ್ಜಿಕೊಳ್ಳುತ್ತ, "ಬಿಟ್ಟಿದ್ದೀನಿ ಅಂತೀರ, ಹೋಗ್ತಾನೇ ಇಲ್ಲ. ನನ್ನ ಕೆಲ್ಸ ಗುರುವಾರದವರೆಗೂ ಕಾಯಲ್ಲ ಮಾವ, ಇವತ್ತೇ ಹೋಗುತ್ತೆ," ಎಂದಳು. ದನಿಯಲ್ಲಿ ನಗುವಿರಲಿಲ್ಲ.

ನಾನು ತಡೆದವರ ಪಟ್ಟಿಯನ್ನು ಓದಿದೆ. ಕಂಪ್ಯೂಟರ್ ಯಾವ ಕಡೆಗೆ ಹೊರಟರೂ ಮೊದಲು ಇನ್ನೊಂದು ಯಂತ್ರಕ್ಕೆ ಹೋಗಿ ವಿಳಾಸ ವಿಚಾರಿಸಿಕೊಂಡು ಬರುತ್ತದೆ. ಹಳೆಯ ಪಾಸುಗಳ ಜೊತೆ ಆ ವಿಚಾರಿಸುವವನ ಪಾಸೂ ರದ್ದಾಗಿತ್ತು. ಗೇಟಪ್ಪನಿಗೆ ಇಷ್ಟು ಹೇಳಿದೆ.

"ವಿಳಾಸ ಕೇಳ್ಕೊಂಡು ಬರೋ ಅಟೆಂಡರನ್ನೇ ನಿಲ್ಲಿಸಿದೀನಿ ಅನ್ನಿ."

"ಅನ್ನುತ್ತಿದ್ದೇನೆ."

"ತಪ್ಪು ನಂದು," ಎಂದು ಅದನ್ನೂ ಬರೆದ. ಬಿಟ್ಟ. ಮರುಕ್ಷಣ ಹೆಡ್‌ಫೋನಿನಿಂದ ತೊದಲು ಡಾಕ್ಟರ ದನಿ ಸಣ್ಣಗೆ ಕೇಳಿತು. ಸೊಸೆ ಮಾವನನ್ನು ಕುರ್ಚಿಯಿಂದ ಹೆಚ್ಚು ಕಡಿಮೆ ತಳ್ಳಿಯೇ ಎಬ್ಬಿಸಿದಳು. ಸಂಜೆಯ ಹೊತ್ತಿಗೆ ಹದಿನಾಲ್ಕೂ ಹೋದವು. ಪ್ರಿಂಟರ್ ಬಂದು ಕೇಳಿತು. ವೈರಸ್ ಹಿಡಿಯುವ ಪ್ರೋಗ್ರಾಮ್ ಬಂದು ಕೇಳಿತು. ಆತ ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕುಳಿತು ಪ್ರತಿಯೊಬ್ಬರ ಕೆಲಸ ವಿಚಾರಿಸಿ ಬಿಟ್ಟ. ನಾನು ಒಪ್ಪಿಕೊಳ್ಳಲೇಬೇಕು, ಆ ಕಂಪ್ಯೂಟರಿನಿಂದ ಯಾರು ಎಲ್ಲಿಗೆ ಹೋಗುತ್ತಾರೆ ಎಂಬುದು ಅಂದು ಸಂಜೆ ಆತನಿಗೆ ತಿಳಿದಿದ್ದಷ್ಟು ಚೆನ್ನಾಗಿ ಅದನ್ನು ಮಾಡಿದವರಿಗೂ ತಿಳಿದಿರಲಾರದು.

ಬುಧವಾರ ಮಧ್ಯಾಹ್ನ ಕೆಳಗಿನಿಂದ ನನಗೆ ಮತ್ತೆ ಕರೆ ಬಂತು. ಪುಸ್ತಕದ ಎರಡನೇ ಪುಟದಲ್ಲಿ ಒಂದು ಹೆಸರಿನ ಮುಂದೆ ಕಡ್ಡಿಗೆರೆಗಳ ಸಾಲು. ಐದೈದರ ಕಟ್ಟುಗಳು.

"ಇದೊಂದು ಹೆಸರು ಮೇಡಂ. ಕಾಲು ಕಾಲು ಗಂಟೆಗೆ ಬಂದು ಬಾಗ್ಲು ತಟ್ಟುತ್ತೆ. ನಿನ್ನೆಯಿಂದ ನಲವತ್ತೊಂದು ಸಲ. ಯಾರು, ಏನು ಅಂತ ಹೇಳಲ್ಲ. ಬಿಡದೆ ಇದ್ರೂ ಹೋಗಲ್ಲ. ಇಂಥೋನನ್ನ ನಾನು ಬಲ್ಲೆ. ಕೈಯಲ್ಲಿ ಏನೋ ಇದೆ."

ನಾನು ಸೊಸೆಯ ಕಡೆ ನೋಡಿದೆ. ಅವಳು ಪೆಡಲಿನಿಂದ ಕಾಲು ತೆಗೆದಿದ್ದಳು.

"ಅದು ಬೇಗ ಟೈಪ್ ಮಾಡೋಕೆ," ಎಂದಳು. "ಎರಡು ಅಕ್ಷರ ಒತ್ತಿದ್ರೆ ಪೂರ್ತಿ ಪದ ತಾನೇ ಬರುತ್ತೆ. ರೋಗಗಳ ಹೆಸರು ಮೊಳ ಉದ್ದ ಇರುತ್ತಲ್ಲ. ಇಂಟರ್ನೆಟ್‌ನಲ್ಲಿ ಪುಕ್ಕಟೆ ಸಿಕ್ತು, ಹಾಕ್ಕೊಂಡೆ."

"ಯಾವಾಗ?" ಎಂದ ಗೇಟಪ್ಪ.

"ಹೋದ ವರ್ಷ. ನಿಮ್ಮ ಕಣ್ಣಿನ ಆಪರೇಷನ್ ಆಯ್ತಲ್ಲ, ಆ ವಾರ. ಮನೇಲೂ ಕೆಲ್ಸ, ಇಲ್ಲೂ ದುಪ್ಪಟ್ಟು. ಕೈ ಓಡ್ತಿರ್ಲಿಲ್ಲ ಮಾವ."

ನನಗೆ ಆ ವಾರ ಚೆನ್ನಾಗಿ ನೆನಪಿದೆ. ಗೇಟಪ್ಪನಿಗೆ ಕಣ್ಣಿನ ಪೊರೆ ತೆಗೆದಿದ್ದರು. ಹತ್ತು ದಿನ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಒಳಗಿನ ಕೋಣೆಯಲ್ಲಿ ಕತ್ತಲು ಮಾಡಿಕೊಂಡು ಮಲಗಿದ್ದ. ಗೇಟಿನಲ್ಲಿ ಕುರ್ಚಿ ಖಾಲಿ ಇದ್ದದ್ದು ಆಗೊಮ್ಮೆ ಮಾತ್ರ. ಹಾಲಿನವನು ನನ್ನ ಬಳಿ ಬಂದು, "ಅವರಿಲ್ದೆ ದಾರಿನೇ ತಪ್ಪಿದ ಹಾಗಿದೆ," ಎಂದಿದ್ದ.

ಆ ಪ್ರೋಗ್ರಾಮಿನ ಷರತ್ತುಗಳನ್ನು ಹುಡುಕಿ ಓದಿದೆ. ಯಾರೂ ಓದದ ಸಣ್ಣ ಅಕ್ಷರದಲ್ಲಿ ವಿಷಯ ಸ್ಪಷ್ಟವಾಗಿಯೇ ಇತ್ತು. ತನ್ನನ್ನು ತಾನು ಸುಧಾರಿಸಿಕೊಳ್ಳಲು, ಟೈಪ್ ಮಾಡಿದ್ದರ ಪ್ರತಿಯನ್ನು ಅದು ತನ್ನ ಮಾಲೀಕರಿಗೆ ಕಳಿಸುತ್ತಿತ್ತು. ಒಂದು ವರ್ಷದ ವರದಿಗಳು. ಯಾರ ಎದೆ, ಯಾರ ಹೊಟ್ಟೆ, ಯಾರ ತಲೆಯೊಳಗೆ ಏನಿದೆ ಎಂಬುದೆಲ್ಲ.

ಸೊಸೆಯ ಮುಖ ಬಿಳಿಚಿತು. "ನನಗೆ ಗೊತ್ತಿರ್ಲಿಲ್ಲ. ದೇವರಾಣೆ ಗೊತ್ತಿರ್ಲಿಲ್ಲ ದೊಡ್ಡಮ್ಮ."

ಗೇಟಪ್ಪ ಆ ಪ್ರೋಗ್ರಾಮನ್ನು ತೆಗೆದುಹಾಕಿದ. ತೆಗೆದ ಸಮಯ ಬರೆದ. ಹೆಸರು ಬರೆದ, ಎಲ್ಲಿಗೆ ಹೋಗುತ್ತಿತ್ತು ಎಂದು ಬರೆದ, ಯಾಕೆ ಎಂದು ಬರೆದ. ಕೊನೆಯ ಕಾಲಮಿಗೆ ಬಂದಾಗ ಪೆನ್ನಿನ ಮುಚ್ಚಳ ಹಾಕಿದ.

"ತೆಗೆದಾಯ್ತಲ್ಲ ಮಾವ," ಎಂದಳು ಸೊಸೆ. "ನಾಳೆ ನೋಡಿದ್ರೆ ಏನೂ ಕಾಣಲ್ಲ. ಸುಮ್ನಿದ್ರೆ ಆಗಲ್ವಾ?"

"ಆಗಲ್ಲ. ಒಳಗಿರೋದನ್ನ ತೆಗೀಬಹುದು, ಹೊರಗೆ ಹೋಗಿರೋದನ್ನ ತರೋಕಾಗಲ್ಲ. ಆ ರೋಗಿಗಳ ಹೊಟ್ಟೆ ವಿಷಯ ಇನ್ಯಾರ ಕೈಗೋ ಹೋಗಿದೆ. ಅವರಿಗೆ ಗೊತ್ತಾಗ್ಬೇಕು."

"ಹೇಳಿದ್ರೆ ನನ್ನ ಕೆಲ್ಸ ಹೋಗುತ್ತೆ."

"ಹೇಳ್ಲೇಬೇಕು."

ಅಡುಗೆಮನೆಯ ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. "ಅವತ್ತು ನನ್ನ ತಮ್ಮ. ಇವತ್ತು ಸೊಸೆ. ಇನ್ನು ಉಳಿದಿರೋಳು ನಾನೊಬ್ಬಳು. ನಾಳಿದ್ದು ನನ್ನನ್ನೂ ಬರ್ಕೊಳ್ರಿ, ಉಪ್ಪಿನ ಡಬ್ಬೀಲಿ ಏನೋ ಸಿಗುತ್ತೆ."

ಗೇಟಪ್ಪ ಹೇಳಿದ್ದು ಸರಿ ಎಂದೇ ನನ್ನ ಅಭಿಪ್ರಾಯ. ಸರಿಯಾದದ್ದನ್ನು ಕೇಳುವಾಗ ಯಾವಾಗಲೂ ಹಿತವಾಗಿರಬೇಕೆಂಬ ನಿಯಮವಿಲ್ಲ. ಸಂಜೆ ಆರಕ್ಕೆ ಆತ ಕಂಪ್ಯೂಟರ್ ಆರಿಸಿ, ಎಂದೂ ಇಲ್ಲದ್ದು, ಗೋಡೆಯಿಂದ ಪ್ಲಗ್ಗನ್ನೇ ಕಿತ್ತು ಸುತ್ತಿಟ್ಟ. "ನಾಳೆವರೆಗೆ ಯಾರೂ ಬರೋದು ಬೇಡ, ಹೋಗೋದು ಬೇಡ," ಎಂದ.

ಗುರುವಾರ ಒಂಬತ್ತಕ್ಕೆ ನಾನು ಇಳಿದಾಗ ಸೊಸೆಯ ಕಣ್ಣು ಕೆಂಪಗಿತ್ತು. ಆದರೆ ಅಳು ಹಿಂದಿನ ದಿನದ್ದು. ಈಗ ಅವಳು ಬೇರೆಯದೇ ಸಂಕಟದಲ್ಲಿದ್ದಳು. ಪ್ಲಗ್ ಹಾಕಿ ಕಂಪ್ಯೂಟರ್ ಹಚ್ಚಿದರೆ ಆಸ್ಪತ್ರೆಯ ಪ್ರೋಗ್ರಾಮ್ ತೆರೆಯುತ್ತಲೇ ಇರಲಿಲ್ಲ. ಹನ್ನೊಂದಕ್ಕೆ ಸಂಪರ್ಕವೇ ಸಿಗದಿದ್ದರೆ ತಪಾಸಣೆಯಲ್ಲಿ ನಪಾಸಾದಂತೆಯೇ ಲೆಕ್ಕ. ಅದೂ ಪತ್ರದಲ್ಲಿತ್ತು.

"ಏನಂತ ಬರೀತಿದೆ?" ಎಂದ ಗೇಟಪ್ಪ.

ಓದಿದೆ. "ಆಸ್ಪತ್ರೆ ತೋರಿಸುತ್ತಿರುವ ಗುರುತುಪತ್ರದ ಅವಧಿ ಇನ್ನೂ ಶುರುವಾಗಿಲ್ಲ. ಆದ್ದರಿಂದ ನಂಬಲಾಗದು."

"ನೀವು ಏನನ್ನ ಮುಚ್ಚಿದ್ರೋ ಏನೋ," ಎಂದಳು ಸೊಸೆ. "ಎಲ್ಲಾ ತೆಗ್ದುಬಿಡಿ ಮಾವ. ಮೊದಲಿನ ಹಾಗೆ ಮಾಡಿ."

ಆತ ಕೈ ಕಟ್ಟಿಕೊಂಡು ಪರದೆಯನ್ನು ನೋಡಿದ. ಆತುರವಿರಲಿಲ್ಲ. "ಪಾಸ್ ಮೇಲೆ ಮುಂದಿನ ತಾರೀಖು ಇದೆ ಅಂತ ಗೇಟಲ್ಲಿ ತಕರಾರು ಬಂದ್ರೆ ಎರಡೇ ಕಾರಣ. ಒಂದೋ ಪಾಸು ಸುಳ್ಳು. ಇಲ್ಲಾಂದ್ರೆ ನಮ್ಮ ಗೋಡೆ ಮೇಲಿರೋ ಕ್ಯಾಲೆಂಡರ್ ಹಳೇದು." ಪುಸ್ತಕ ತೆರೆದ. ಸಮಯ ಬರೆಯಲು ಅಭ್ಯಾಸದಂತೆ ಕೈಗಡಿಯಾರ ನೋಡಿದ, ಆಮೇಲೆ ಪರದೆಯ ಮೂಲೆ ನೋಡಿದ. "ಮೇಡಂ, ಅಲ್ಲಿ ತಾರೀಖು ಏನಿದೆ?"

ಹದಿಮೂರು ವರ್ಷ ಹಿಂದಿನ ಜನವರಿ ಒಂದು.

ವಿಷಯ ಸರಳವಾಗಿತ್ತು. ಒಳಗಿನ ಗಡಿಯಾರವನ್ನು ಓಡಿಸುವ ಬಿಲ್ಲೆಯಂಥ ಸೆಲ್ ಎಂದೋ ಸತ್ತಿತ್ತು. ಪ್ಲಗ್ ಇದ್ದಾಗ ಕರೆಂಟಿನಿಂದ ಓಡುತ್ತಿತ್ತು. ಯಾವಾಗಲಾದರೂ ಕರೆಂಟು ಹೋಗಿ ತಪ್ಪಿದರೆ ಕಂಪ್ಯೂಟರ್ ಇಂಟರ್ನೆಟ್ಟಿಗೆ ಹೋಗಿ ಸರಿಯಾದ ಸಮಯ ಕೇಳಿಕೊಂಡು ಬರುತ್ತಿತ್ತು. ಈ ಸಲ ಪ್ಲಗ್ ಕಿತ್ತವನೂ ಗೇಟಪ್ಪ, ಸಮಯ ಕೇಳಲು ಹೊರಟವನನ್ನು ಬಾಗಿಲಲ್ಲಿ ನಿಲ್ಲಿಸಿದವನೂ ಗೇಟಪ್ಪ.

"ಮೂವತ್ತೊಂದು ವರ್ಷ ನನ್ನ ಗೇಟಿನ ಗಡಿಯಾರ ನೋಡಿ ಊರು ಟೈಮ್ ಇಟ್ಕೊಳ್ತಿತ್ತು," ಎಂದ ಆತ. "ಈಗ ಗಡಿಯಾರವನ್ನೇ ಆಚೆ ನಿಲ್ಲಿಸಿದೀನಿ."

"ಪಾಸ್ ಇರ್ಲಿಲ್ಲ ಅದರ ಹತ್ರ," ಎಂದಳು ಹೆಂಡತಿ, ಒಳಗಿನಿಂದ.

ಸೊಸೆಗೆ ಆ ಸ್ಥಿತಿಯಲ್ಲೂ ನಗು ಬಂತು. ಗೇಟಪ್ಪ ತಾರೀಖು ಸರಿಪಡಿಸಿದ, ಸಮಯ ಕೇಳುವವನಿಗೆ ದಾರಿ ಬಿಟ್ಟ, ಎರಡನ್ನೂ ಬರೆದ, ಕೆಳಗೆ "ಸೆಲ್ ಬದಲಿಸಬೇಕು" ಎಂದೂ ಬರೆದ. ಹತ್ತೂ ಕಾಲಿಗೆ ಆಸ್ಪತ್ರೆಯ ಪ್ರೋಗ್ರಾಮ್ ತೆರೆಯಿತು. ಉಳಿದ ಮುಕ್ಕಾಲು ಗಂಟೆಯಲ್ಲಿ ಸೊಸೆ ಪೆಡಲಿನ ಮೇಲೆ ಕಾಲಿಟ್ಟು ಒಂದು ವರದಿ ಮುಗಿಸಿದಳು. ತೊದಲು ಡಾಕ್ಟರದ್ದೇ. ಕಳಿಸಿದ ಮೇಲೆ ಹೆಡ್‌ಫೋನನ್ನು ತೆಗೆದು, ತಂತಿಯನ್ನು ನೀಟಾಗಿ ಸುತ್ತಿ, ಮತ್ತೆ ಬಳಸುವುದಿಲ್ಲ ಎನ್ನುವವರ ಹಾಗೆ ಪಕ್ಕಕ್ಕಿಟ್ಟಳು.

ಹನ್ನೊಂದಕ್ಕೆ ಫೋನ್ ಬಂತು. ಸೊಸೆ ಅದನ್ನು ಎಲ್ಲರಿಗೂ ಕೇಳುವಂತೆ ಮೇಜಿನ ಮೇಲಿಟ್ಟಳು. ತಪಾಸಣೆಯವಳ ದನಿ ಚಿಕ್ಕ ವಯಸ್ಸಿನದು, ಸೌಮ್ಯ, ಸ್ವಲ್ಪವೂ ಸಡಿಲವಿಲ್ಲ. ಪರದೆಯ ಮೇಲೆ ಬಾಣ ತಾನೇ ತಾನಾಗಿ ಓಡಾಡತೊಡಗಿತು. ಗೇಟಪ್ಪ ಬೆನ್ನು ನೆಟ್ಟಗೆ ಮಾಡಿ ಅದನ್ನೇ ನೋಡುತ್ತಿದ್ದ.

"ಫೈರ್‌ವಾಲ್ ಇದೆ. ಸರಿ," ಎಂದಳು. ಸ್ವಲ್ಪ ಹೊತ್ತು ಬಿಟ್ಟು, "ಹೊರಗೆ ಹೋಗೋದನ್ನೂ ಮುಚ್ಚಿದ್ದೀರಾ? ಬರೀ ಇಪ್ಪತ್ಮೂರಕ್ಕೆ ಅನುಮತಿ. ಇದನ್ನ ಯಾರು ಮಾಡಿದ್ದು?"

"ನಾನಮ್ಮ. ಇವಳ ಮಾವ."

"ಏನು ಕೆಲಸ ಮಾಡ್ತಿದ್ರಿ ನೀವು?"

"ಗೇಟಲ್ಲಿದ್ದೆ."

ಅತ್ತ ಕಡೆ ಸಣ್ಣ ನಗು. "ನಮ್ಮ ಆಸ್ಪತ್ರೆಯಲ್ಲೇ ಇಷ್ಟು ಬಿಗಿ ಇಲ್ಲ," ಎಂದಳು. ಆಮೇಲೆ ದನಿ ಮೊದಲಿನಂತಾಯಿತು. "ಹೊರಗಿನ ಪ್ರೋಗ್ರಾಮ್ ಯಾವುದಾದ್ರೂ ಇತ್ತಾ? ಈಗ ತೆಗೆದಿದ್ರೂ ಹೇಳ್ಬೇಕು."

"ಇತ್ತು," ಎಂದ ಗೇಟಪ್ಪ.

ಪುಸ್ತಕ ನೋಡಿ ಓದಿದ. ಹೆಸರು, ಎಲ್ಲಿಗೆ ಹೋಗುತ್ತಿತ್ತು, ಎಷ್ಟು ಸಲ ಬಾಗಿಲು ತಟ್ಟಿತು, ಯಾವ ವರ್ಷ ಯಾವ ತಿಂಗಳಿನಿಂದ, ಯಾವ ಸಮಯಕ್ಕೆ ತೆಗೆದದ್ದು. ಒಂದನ್ನೂ ಬಿಡಲಿಲ್ಲ, ಒಂದನ್ನೂ ಮೆತ್ತಗೆ ಹೇಳಲಿಲ್ಲ. ಸೊಸೆ ತನ್ನ ಅಂಗೈ ನೋಡಿಕೊಳ್ಳುತ್ತ ಕುಳಿತಿದ್ದಳು.

"ಆ ರೋಗಿಗಳಿಗೆಲ್ಲ ನಾವು ತಿಳಿಸ್ಬೇಕಾಗುತ್ತೆ," ಎಂದಳು ತಪಾಸಣೆಯವಳು.

"ತಿಳಿಸ್ಲೇಬೇಕು."

"ಇದನ್ನ ಕಂಪ್ಯೂಟರಿಗೆ ಹಾಕಿದ್ದು ಯಾರು?"

ಸೊಸೆ ಫೋನಿನ ಕಡೆ ಬಾಗಿ ಬಾಯಿ ತೆರೆದಳು. ಗೇಟಪ್ಪ ಬಲಗೈ ಎತ್ತಿ ಅಂಗೈ ತೋರಿಸಿದ. ತುಂಬಿದ ಲಾರಿಗಳನ್ನು ನಿಲ್ಲಿಸುತ್ತಿದ್ದ ಕೈ ಅದು. ಅವಳೂ ನಿಂತಳು.

ಆ ಸಾಲಿನ ಕೊನೆಯ ಕಾಲಂ ಹಿಂದಿನ ದಿನದಿಂದ ಖಾಲಿ ಇತ್ತು. ಆತ ಪೆನ್ನಿನ ಮುಚ್ಚಳ ತೆಗೆದು, "ಒಳಗೆ ಬಿಟ್ಟವರು" ಎಂಬುದರ ಕೆಳಗೆ ತನ್ನ ಹೆಸರನ್ನು ಬರೆದ. ಬೀದಿಯವರು ಇಟ್ಟದ್ದಲ್ಲ, ಅಪ್ಪನ ಹೆಸರಿನ ಸಮೇತ ಪೂರ್ತಿ ಹೆಸರು. ನನ್ನ ಕಡೆ ನೋಡಲಿಲ್ಲ. ಆಮೇಲೆ ಅಡಿಕೋಲು ತೆಗೆದುಕೊಂಡು ಪುಟದ ಅಂಚಿಗೆ ಇಟ್ಟು, ಮೇಲಿಂದ ಕೆಳಗಿನವರೆಗೆ ನಿಧಾನವಾಗಿ ಇನ್ನೊಂದು ಗೆರೆ ಎಳೆಯತೊಡಗಿದ.

"ಹಲೋ, ಲೈನಲ್ಲಿದ್ದೀರಾ?"

"ಇದ್ದೀನಮ್ಮ. ಪುಸ್ತಕ ಬರೀತಾ ಇದ್ದೀನಿ. ಒಂದು ನಿಮಿಷ."

ಹೆಂಡತಿ ಸೌಟು ಹಿಡಿದುಕೊಂಡೇ ಮೇಜಿನ ಹತ್ತಿರ ಬಂದು ನಿಂತಿದ್ದಳು. ಆತ ಆರನೆಯ ಕಾಲಮಿನ ತಲೆಯಲ್ಲಿ "ತಿಳಿಯದೆ" ಎಂದು ಬರೆದ, ಅದರ ಕೆಳಗೆ ತನ್ನ ಹೆಸರಿನ ನೇರಕ್ಕೆ ಒಂದು ಗುರುತು ಹಾಕಿದ. ಕೈಗಡಿಯಾರ ನೋಡಿದ, ಪರದೆಯ ಗಡಿಯಾರ ನೋಡಿದ, ಎರಡೂ ಒಂದೇ ಇರುವುದನ್ನು ಕಂಡು ಸಮಯ ನಮೂದಿಸಿದ. ನಂತರ ಪುಸ್ತಕವನ್ನು ಎರಡೂ ಕೈಯಲ್ಲಿ ಹಿಡಿದು, ಆ ಸಾಲನ್ನು ಮೊದಲಿನಿಂದ ಕೊನೆಯವರೆಗೆ ಫೋನಿಗೆ ಓದಿ ಹೇಳಿದ.